ಕಲ್ಲಾಂಗ್ ದಂಡೆಯಲ್ಲಿ ತುಂಗಭದ್ರೆಯ ನೆಂಟರು

ಸಿಂಗಾಪುರದ ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಯಲ್ಲಿ ಈ ಪುಟವೊಂದು ಬಾಕಿ ಇದೆ. ನಾಳೆ ಬೆಳಗ್ಗೆ ಎಲ್ಲರಿಗೂ ಇಮೇಲ್ ಹೋಗಬೇಕು. ಹಬ್ಬದ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಭಾನುವಾರದಿಂದ ತಲೆಯಲ್ಲಿ ಬೇರೆಯದೇ ತುಂಬಿಕೊಂಡಿದೆ. ಅದನ್ನೇ ಬರೆಯುತ್ತೇನೆ.

ಇಲ್ಲಿನ ಕಲ್ಲಾಂಗ್ ನದಿ ಹರಿಯುವ ಬಿಶಾನ್ ಪಾರ್ಕಿನಲ್ಲಿ ಓಡುತ್ತಿದ್ದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಮಗಳು ಸೈಕಲ್ ಮೇಲೆ ಜೊತೆಗಿದ್ದಳು. ನದಿಗಿಳಿಯುವ ಹುಲ್ಲಿನ ಇಳಿಜಾರಿನ ಹತ್ತಿರ ಏನೋ ದಾರಿಗೆ ಅಡ್ಡ ಬಂತು. ನಾಯಿಮರಿ ಇರಬೇಕು ಅಂದುಕೊಂಡೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಒದ್ದೆ ಮೈ, ಚಪ್ಪಟೆ ಬಾಲ, ಬೆರಳುಗಳ ನಡುವೆ ತೆಳ್ಳನೆಯ ಚರ್ಮ. ನೀರುನಾಯಿಗಳ ಇಡೀ ಸಂಸಾರವೇ ಬಂದಿತ್ತು! ಮರಿಗಳು ಹುಲ್ಲಿನ ಮೇಲೆ ಹೊರಳಾಡಿ ಮೈ ಒರೆಸಿಕೊಂಡವು. ದೊಡ್ಡದೊಂದು ಮೀನನ್ನು ಮುಂಗಾಲುಗಳಲ್ಲಿ ಹಿಡಿದು ತಲೆಯ ಕಡೆಯಿಂದಲೇ ಕಡಿಯಲು ಶುರು ಮಾಡಿತು. ಮುಳ್ಳು ಮುರಿಯುವ ಕರಕರ ಸದ್ದು ನಮ್ಮ ತನಕ ಕೇಳುತ್ತಿತ್ತು.

"ಅಮ್ಮಾ, ಇವು ಸಿಂಗಾಪುರದಲ್ಲಿ ಮಾತ್ರ ಇರೋದು ಅಲ್ವಾ?" ಅಂದಳು ಮಗಳು.

ಆ ಸದ್ದನ್ನು ನಾನು ಮೊದಲು ಕೇಳಿದ್ದು ತುಂಗಭದ್ರೆಯ ದಂಡೆಯ ಕಂಪ್ಲಿಯಲ್ಲಿ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದರೆ ಹಗಲೆಲ್ಲ ಹೊಳೆಯಲ್ಲೇ ಇರುತ್ತಿದ್ದೆವು. ಹರಿಗೋಲಿನ ತಾತ ಒಬ್ಬರಿದ್ದರು. ಬೆಳಗ್ಗೆ ಹರಿದ ಬಲೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಹೊಲಿಯುತ್ತಾ, "ನೋಡವ್ವಾ, ರಾತ್ರಿಯೆಲ್ಲ ಬಲಿ ಹಾಕೋನು ನಾನು, ಉಣ್ಣೋವು ಅವು" ಎಂದು ಬೈಯುತ್ತಿದ್ದರು. ತಲೆಯಿಲ್ಲದ ಮೀನನ್ನು ಎತ್ತಿ ತೋರಿಸುತ್ತಿದ್ದರು. ಅದೇ ತಾತ ಒಂದು ಸಂಜೆ ನಮ್ಮನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ನಡುಹೊಳೆಯ ಬಂಡೆಗಳ ಕಡೆ ಹೊರಟರು. ಒಂದು ಬಂಡೆಯ ಮೇಲೆ ಒಣಗಿದ ಲದ್ದಿ ಬಿದ್ದಿತ್ತು. ಅದರ ತುಂಬಾ ಮೀನಿನ ಹುರುಪೆ. ವಾಸನೆಗೆ ಮೂಗು ಮುಚ್ಚಿಕೊಂಡೆವು. ತಾತ ಕೈಸನ್ನೆ ಮಾಡಿ ಸುಮ್ಮನಿರಿಸಿದರು. ಕತ್ತಲಾಗುವ ಹೊತ್ತಿಗೆ ನೀರಿನಲ್ಲಿ ತಲೆಗಳು ಎದ್ದವು. ಒಂದು ಪಕ್ಕದ ಬಂಡೆ ಹತ್ತಿ ಮೀನು ಕಡಿಯತೊಡಗಿತು. "ಇವು ಅದಾವ ಅಂದ್ರ ಹೊಳ್ಯಾಗ ಮೀನು ಅದಾವ ಅಂತ ಲೆಕ್ಕ. ಇವನ್ನ ಯಾಕ ಹೊಡೀಲಿ?" ಅಂದರು. ವಾಪಸ್ ಬಂದಾಗ ಅಜ್ಜಿ ಮೆಟ್ಟಿಲ ಮೇಲೆ ಲಾಟೀನು ಹಿಡಿದು ನಿಂತಿದ್ದಳು. ನಮಗಿಂತ ಜಾಸ್ತಿ ಬೈಗುಳ ತಾತನಿಗೇ ಬಿತ್ತು.

ಮಗಳಿಗೆ ಇದನ್ನೆಲ್ಲ ಹೇಳಿದೆ. ಕಲ್ಲಾಂಗಿನಲ್ಲಿರುವುದೂ ತುಂಗಭದ್ರೆಯಲ್ಲಿರುವುದೂ ಒಂದೇ ಜಾತಿ, ನುಣುಪು ತುಪ್ಪಳದ ನೀರುನಾಯಿ. ಇಲ್ಲಿ ಹೊಳೆಗಳು ಕೊಳೆತು 1970ರ ದಶಕದ ಹೊತ್ತಿಗೆ ನೀರುನಾಯಿಗಳು ಕಾಣೆಯಾಗಿದ್ದವು. 1977ರಿಂದ 1987ರ ತನಕ ಸಿಂಗಾಪುರ ನದಿಯನ್ನೂ ಕಲ್ಲಾಂಗನ್ನೂ ಶುಚಿ ಮಾಡಿದರು. 1998ರಲ್ಲಿ ನೀರುನಾಯಿಗಳು ತಾವಾಗಿಯೇ ಈ ದ್ವೀಪಕ್ಕೆ ಮರಳಿದವು, ಯಾರೂ ತಂದು ಬಿಡಲಿಲ್ಲ. ಬಿಶಾನ್‌ನಲ್ಲಿ 2.7 ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆಯನ್ನು ಒಡೆದು, ಹಳ್ಳದ ಹಾಗೆ ಬಳುಕುವ 3.2 ಕಿ.ಮೀ. ನದಿ ಮಾಡಿದರು. ಅದು ಮುಗಿದದ್ದು 2012ರಲ್ಲಿ. ಎರಡು ವರ್ಷಕ್ಕೆ ನೀರುನಾಯಿಗಳು ಅಲ್ಲಿ ಬಿಡಾರ ಹೂಡಿದವು.

ನಮ್ಮ ಹೊಳೆಯನ್ನಂತೂ ಅವು ಬಿಟ್ಟು ಹೋಗಿಯೇ ಇಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು ಸರ್ಕಾರ ನೀರುನಾಯಿಗಳಿಗಾಗಿಯೇ ಮೀಸಲಿಟ್ಟಿತು. ದೇಶದಲ್ಲೇ ಅಂಥದ್ದು ಮೊದಲನೆಯದು. ಆದರೆ ಮರಳು ತೆಗೆದರೆ, ಸಿಡಿಮದ್ದು ಹಾಕಿ ಮೀನು ಹಿಡಿದರೆ ಕಾಗದದ ಮೇಲಿನ ಮೀಸಲು ಏನು ಮಾಡೀತು? ಇಲ್ಲಿ ಕಳೆದುಕೊಂಡು ಇಷ್ಟು ಕಷ್ಟಪಟ್ಟು ಮರಳಿ ಪಡೆದರು. ನಮ್ಮಲ್ಲಿ ಇರುವಾಗಲೇ ಉಳಿಸಿಕೊಳ್ಳಬೇಕು ಅಂತ ನನ್ನ ಆಸೆ. ಊರಿಗೆ ಹೋದಾಗ ಮಕ್ಕಳಿಗೆ ಹಂಪಿ ತೋರಿಸುವವರು ಹೊಳೆಯನ್ನೂ ತೋರಿಸಿ.

ಓಡುವ ಗೆಳೆಯರಿಗೊಂದು ಮಾತು. ಮರಿಗಳಿದ್ದರೆ ಹತ್ತಿರ ಹೋಗಬೇಡಿ, ನಿಂತು ದಾರಿ ಬಿಡಿ. ತಿನ್ನಲು ಏನೂ ಹಾಕಬೇಡಿ. 2021ರಲ್ಲಿ ಬೊಟಾನಿಕ್ ಗಾರ್ಡನ್ಸ್‌ನಲ್ಲಿ, ಬೆಳಗಿನ ಮಬ್ಬಿನಲ್ಲಿ, ಓಡುತ್ತಿದ್ದವರೊಬ್ಬರು ನೀರುನಾಯಿಗಳ ಗುಂಪಿನ ಮೇಲೆ ಕಾಲಿಟ್ಟಿದ್ದರಿಂದ ಪಕ್ಕದಲ್ಲಿ ನಡೆದು ಹೋಗುತ್ತಿದ್ದವರಿಗೆ ಕಚ್ಚಿದ್ದವು.

ಇನ್ನು ಸೂಚನೆಗಳು, ಬೇಗ ಬೇಗ. ದೀಪಾವಳಿ ಊಟದ ಕೂಪನ್ ಈ ಶುಕ್ರವಾರದ ತನಕ ಮಾತ್ರ. ಹೋಳಿಗೆ ಮಾಡಲು ಕೈಗಳು ಬೇಕು, ಶನಿವಾರ ಬೆಳಗ್ಗೆ ಎಂಟಕ್ಕೆ ಬನ್ನಿ. ರಾಜ್ಯೋತ್ಸವ ನಾಟಕದ ತಾಲೀಮು ಭಾನುವಾರ ಮಧ್ಯಾಹ್ನ ಮೂರಕ್ಕೆ, ಪಾತ್ರಧಾರಿಗಳು ತಪ್ಪಿಸಬೇಡಿ. ಹಬ್ಬದ ವಾರ ಕನ್ನಡ ತರಗತಿಗೆ ರಜೆ.

ರಾಜ್ಯೋತ್ಸವ ಸಂಚಿಕೆಯಲ್ಲಿ ಮಕ್ಕಳ ಪುಟದ ವಿಷಯ "ನಮ್ಮೂರ ಹೊಳೆ". ಅಜ್ಜ ಅಜ್ಜಿಗೆ ಫೋನ್ ಮಾಡಿ ಕೇಳಿ, ಬರೆಸಿ, ಚಿತ್ರ ಬಿಡಿಸಿ ಕಳಿಸಿ. ಕನ್ನಡ ಬರೆಯಲು ಬಾರದ ಮಕ್ಕಳು ಹೇಳಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದರೂ ಸಾಕು, ಅಕ್ಷರಕ್ಕಿಳಿಸುವುದು ನಮ್ಮ ಕೆಲಸ. ಆದರೆ ಅದಕ್ಕೆ ಜನ ಬೇಕು. ಪುಟ ಜೋಡಿಸುತ್ತಿದ್ದ ಗೆಳತಿ ಕಳೆದ ತಿಂಗಳು ಮೆಲ್ಬರ್ನ್‌ಗೆ ಹೊರಟು ಹೋದರು. ಟೈಪಿಂಗ್, ತಿದ್ದುವುದು, ಜೋಡಣೆ ಎಲ್ಲವೂ ಈಗ ಒಬ್ಬಳ ಮೇಲೆಯೇ ಬಿದ್ದಿದೆ. ಕೆಲಸದಿಂದ ಬಂದು, ಮಗಳನ್ನು ಮಲಗಿಸಿ ಕೂರುತ್ತೇನೆ. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲ ಇಬ್ಬರು ಮುಂದೆ ಬಂದರೆ ಸಂಚಿಕೆ ಹೊತ್ತಿಗೆ ಸರಿಯಾಗಿ ಬರುತ್ತದೆ. ದಯವಿಟ್ಟು ಈ ಇಮೇಲ್‌ಗೇ ಉತ್ತರಿಸಿ.

— ಸಂಪಾದಕಿ