ಶನಿವಾರದ ಎರಡು ಗಂಟೆ: ಪೋಷಕರಿಗೆ ಮುಖ್ಯೋಪಾಧ್ಯಾಯಿನಿಯ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರಗಳು.

ಒಂಬತ್ತನೇ ತರಗತಿಯ ಹುಡುಗಿಯರ ಕೈಯಲ್ಲಿ ಕಳುಹಿಸಿದ್ದ ಒಪ್ಪಿಗೆ ಪತ್ರಗಳಲ್ಲಿ ಅರ್ಧದಷ್ಟು ಸಹಿಯಿಲ್ಲದೆ ಹಿಂದಿರುಗಿವೆ. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ ನಿಮ್ಮ ಮಗಳು ನಮ್ಮ ಹಳೆಯ ವಿದ್ಯಾರ್ಥಿನಿಯರ ಜೊತೆ ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಕಿವುಡು ಮಕ್ಕಳ ಶಾಲೆಗೋ ಹೋಗಿ, ಅವರ ಕೆಲಸವನ್ನು ಹತ್ತಿರದಿಂದ ನೋಡಿ ಕಲಿಯಲಿ ಎಂದು ಕೇಳಿದ್ದೆವು. ಓದು ಹಿಂದೆ ಬೀಳುತ್ತದೆ ಎಂದು ಕೆಲವರು ಬರೆದಿದ್ದೀರಿ. ಆ ಆತಂಕ ಸಹಜ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಈ ಕಾರ್ಯಕ್ರಮ ಇರುವುದಿಲ್ಲ. ಆದರೆ ಒಬ್ಬ ತಾಯಿ ಬರೆದ ಸಾಲು ಬೇರೆಯದು: "ಮನೆಯಲ್ಲಿ ಮಾಡುವ ಚಾಕರಿ ಸಾಲದೆಂದು ಶಾಲೆಯಲ್ಲೂ ಅದನ್ನೇ ಕಲಿಸಬೇಕೆ?" ಇದಕ್ಕೆ ಉತ್ತರ ಕೊಡದೆ ಸಹಿ ಕೇಳುವ ಹಕ್ಕು ನನಗಿಲ್ಲ.

ಮೊದಲು ಕಳೆದ ತಿಂಗಳ ಒಂದು ಬೆಳಗಿನ ಮಾತು. ನಮ್ಮಲ್ಲಿ ಓದಿ ಈಗ ನವಜಾತ ಶಿಶುಗಳ ವಾರ್ಡಿನಲ್ಲಿ ಶುಶ್ರೂಷಕಿಯಾಗಿರುವ ಒಬ್ಬಳು ಅಂಕಪಟ್ಟಿಯ ನಕಲಿಗಾಗಿ ಬಂದಿದ್ದಳು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವಳು. ದಿನಕ್ಕೆ ಎಷ್ಟೋ ಸಲ ಸೋಪು ಹಾಕಿ ತೊಳೆದು ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ನಾನು ಹಳೆಯ ದಾಖಲೆ ಪುಸ್ತಕ ಹುಡುಕುತ್ತಿದ್ದೆ. ಹೊರಗಿನ ಬೆಂಚಿನ ಮೇಲೆ ಜ್ವರ ಬಂದ ಐದನೇ ತರಗತಿಯ ಹುಡುಗಿಯೊಬ್ಬಳು ಮನೆಯವರಿಗಾಗಿ ಕಾಯುತ್ತ ಕುಳಿತಿದ್ದಳು. ನಾನು ಪುಸ್ತಕ ಹಿಡಿದು ಹೊರಗೆ ಬಂದಾಗ ಇವಳು ಆ ಮಗುವಿನ ಮಣಿಕಟ್ಟು ಹಿಡಿದು, ಎದೆಗೆ ಸಿಕ್ಕಿಸಿಕೊಂಡಿದ್ದ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದಳು. ಕರೆದೆ. ತಲೆ ಎತ್ತಲಿಲ್ಲ. "ಒಂದು ನಿಮಿಷ, ಮೇಡಂ" ಎಂದಳು. ನಾನು ನಿಂತೆ. ಗಣಿತದಲ್ಲಿ ಪಾಸಾಗಲು ಒದ್ದಾಡಿದ ಹುಡುಗಿ ಅವಳು. ಅಂದು ಅವಳ ಎಣಿಕೆ ಮುಗಿಯುವವರೆಗೂ ನಾನು ಕಾದದ್ದು ನನ್ನ ವೃತ್ತಿಯ ಅತ್ಯಂತ ಸಂತೋಷದ ನಿಮಿಷಗಳಲ್ಲಿ ಒಂದು.

ಅವಳು ಮಾಡುವುದು ಚಾಕರಿಯೇ? ಅದಕ್ಕಾಗಿ ಅವಳು ವರ್ಷಗಟ್ಟಲೆ ಓದಿದ್ದಾಳೆ, ಅದನ್ನು ತಾನೇ ಆರಿಸಿಕೊಂಡಿದ್ದಾಳೆ, ತಿಂಗಳ ಕೊನೆಗೆ ಸಂಬಳ ತೆಗೆದುಕೊಳ್ಳುತ್ತಾಳೆ. ಈ ಮೂರೂ ಇಲ್ಲದ ದುಡಿಮೆಯನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟಿ ಅದಕ್ಕೆ ಸೇವೆ ಎಂಬ ಹೆಸರು ಕೊಡುವುದನ್ನು ನಾನೂ ಒಪ್ಪುವುದಿಲ್ಲ. ಆ ತಾಯಿಯ ಸಿಟ್ಟು ನ್ಯಾಯವಾದದ್ದು.

ಕಲ್ಕತ್ತೆಯ ಬೆಥೂನ್ ಶಾಲೆ 1849ರಲ್ಲಿ 21 ಹುಡುಗಿಯರೊಂದಿಗೆ ಆರಂಭವಾಯಿತು. ಮಗಳನ್ನೂ ಬಹಳ ಜತನದಿಂದ ಬೆಳೆಸಿ ಓದಿಸಬೇಕು ಎಂಬ ಅರ್ಥದ ಸಂಸ್ಕೃತ ಸಾಲನ್ನು ಅವರನ್ನು ಕರೆತರುವ ಗಾಡಿಯ ಮೇಲೆ ಬರೆಸಿದ್ದರು; ಊರಿನವರ ಕುಹಕಕ್ಕೆ ಗಾಡಿಯೇ ಉತ್ತರ ಹೇಳಬೇಕಾದ ಕಾಲ ಅದು. ಅದೇ ಸಂಸ್ಥೆಯಲ್ಲಿ ಓದಿದ ಕಾದಂಬಿನಿ ಗಂಗೂಲಿ 1883ರಲ್ಲಿ ಪದವಿ ಪಡೆದು, ಮುಂದೆ ವೈದ್ಯೆಯಾದರು. ವೈದ್ಯಕೀಯ ಓದಿನ ನಡುವೆ ಹೆರಿಗೆಯಾದಾಗ ಅವರು ಗೈರಾದದ್ದು ಕೇವಲ 13 ದಿನ ಎಂದು ಫ್ಲಾರೆನ್ಸ್ ನೈಟಿಂಗೇಲ್ 1888ರ ಪತ್ರವೊಂದರಲ್ಲಿ ಬೆರಗಿನಿಂದ ಬರೆದಿದ್ದಾರೆ. ಹೆಂಗಸರ ಆಸ್ಪತ್ರೆಯಲ್ಲಿ ಅವರಿಗೆ ತಿಂಗಳಿಗೆ 300 ರೂಪಾಯಿ ಸಂಬಳವಿತ್ತು. ಪತ್ರಿಕೆಯೊಂದು ಅವರ ನಡತೆಯ ಬಗ್ಗೆ ಹೀನಾಯವಾಗಿ ಬರೆದಾಗ ನುಂಗಿಕೊಂಡು ಕೂರಲಿಲ್ಲ; ನ್ಯಾಯಾಲಯಕ್ಕೆ ಹೋದರು, ಸಂಪಾದಕ ಜೈಲು ಸೇರಿದ. ಆಮೇಲೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬ್ರಿಟನ್ನಿಗೆ ಹೋಗಿ, 1893ರಲ್ಲಿ ಇನ್ನಷ್ಟು ಅರ್ಹತೆ ಗಳಿಸಿ ಮರಳಿ ಬಂದು ರೋಗಿಗಳನ್ನು ನೋಡಿದರು. ತಗ್ಗಿ ಬಗ್ಗಿ ನಡೆಯುವುದೇ ಸೇವೆ ಎಂದು ಮಗಳಿಗೆ ಹೇಳಹೊರಟವರಿಗೆ ನಾನು ಈ ಹೆಣ್ಣುಮಗಳ ಕಥೆ ಹೇಳುತ್ತೇನೆ.

ಕೀನ್ಯಾದ ವಂಗಾರಿ ಮಾಥಾಯ್ ಅವರದು ಪೋಷಕರಾದ ನಿಮಗೆ ಇನ್ನೂ ಹತ್ತಿರವಾಗಬಹುದಾದ ಕಥೆ. ಅಣ್ಣ ಒಂದು ದಿನ ತಾಯಿಯನ್ನು, "ನಾವೆಲ್ಲ ಶಾಲೆಗೆ ಹೋಗುತ್ತೇವೆ, ವಂಗಾರಿ ಯಾಕೆ ಹೋಗುವುದಿಲ್ಲ?" ಎಂದು ಕೇಳಿದ. ತಾಯಿ ಯೋಚಿಸಿ, ಹೌದಲ್ಲ ಎಂದು ಕಳುಹಿಸಿದರು. ವಂಗಾರಿ ಲಿಮುರು ಎಂಬ ಊರಿನ ಲೊರೆಟೊ ಬಾಲಕಿಯರ ಪ್ರೌಢಶಾಲೆಯಲ್ಲಿ ಓದಿ, ಜೀವಶಾಸ್ತ್ರ ಕಲಿತು, 1977ರಲ್ಲಿ ಹಳ್ಳಿಯ ಹೆಂಗಸರ ಕೈಯಲ್ಲಿ ಗಿಡ ನೆಡಿಸಲು ಶುರುಮಾಡಿದರು. ಬದುಕುಳಿದ ಒಂದೊಂದು ಸಸಿಗೂ ಆ ಹೆಂಗಸರಿಗೆ ಚಿಕ್ಕ ಮೊತ್ತ ಸಲ್ಲುತ್ತಿತ್ತು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬರುವ ಹೊತ್ತಿಗೆ ಮೂರು ಕೋಟಿ ಗಿಡಗಳಾಗಿದ್ದವು. ಆ ದಿನ ತಾಯಿ ಬೇಡ ಎಂದಿದ್ದರೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಸನ್ನೆ ಭಾಷೆಯಲ್ಲಿ ಪಾಠ ಮಾಡುವವಳಿದ್ದಾಳೆ, ಗಂಡನ ಹೊಡೆತ ತಾಳಲಾರದೆ ಬಂದವರ ದಾವೆಗಳನ್ನು ನಡೆಸುವ ವಕೀಲೆಯಿದ್ದಾಳೆ. ಇವರು ಮುಂದಿನ ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣಕ್ಕೆ ಬರುತ್ತಾರೆ. ಭಾಷಣ, ಹಾರ, ಶಾಲು ಯಾವುದೂ ಇರುವುದಿಲ್ಲ. ನೀವು ನಿಮ್ಮ ಮಗಳ ಜೊತೆ ಬಂದು ಅವರ ಪಕ್ಕದಲ್ಲಿ ಕುಳಿತು, ಸಂಬಳ ಎಷ್ಟು, ರಾತ್ರಿ ಪಾಳಿಯಲ್ಲಿ ಸುರಕ್ಷತೆ ಹೇಗೆ, ಬೇಸರವಾಗುವುದಿಲ್ಲವೆ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಕೇಳಿ. ತಂದೆಯಂದಿರೂ ಖಂಡಿತ ಬನ್ನಿ.

ಒಪ್ಪಿಗೆ ಪತ್ರವನ್ನು ಅವರ ಮಾತು ಕೇಳಿದ ಮೇಲೆ ಕೊಟ್ಟರೆ ಸಾಕು. ಚಾಕರಿಯ ಪ್ರಶ್ನೆ ಕೇಳಿದ ತಾಯಿಗೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿ ಕಾದಿರಿಸಿರುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ