ನಿಮ್ಮ ಜಾಹೀರಾತಿನಲ್ಲಿರುವ ಬಣ್ಣದ ವೇಷ ನನ್ನದು

ದೂರು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಐದು ಸಲ ಫೋನ್ ಮಾಡಿದೆ, ಮೂರು ಮೇಲ್ ಹಾಕಿದೆ. ಸಮಾಧಾನದಿಂದಲೇ ಬರೆಯಬೇಕು ಅಂತ ಕೂತಿದ್ದೇನೆ.

ನಾನು ಕಾಸರಗೋಡಿನ ಬದಿಯಡ್ಕದಲ್ಲಿ ಯಕ್ಷಗಾನದ ಪೋಸ್ಟರ್ ಮಾಡುವವನು. ನಿಮ್ಮ ಎಐ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ. ತಯಾರಾದ ಚಿತ್ರ ಬಳಕೆದಾರರದ್ದು ಅಂತ ಷರತ್ತಿನಲ್ಲಿ ನೀವೇ ಬರೆದಿದ್ದೀರಿ. ಬಣ್ಣದ ವೇಷ, ಅಂದರೆ ಯಕ್ಷಗಾನದ ರಾಕ್ಷಸ ವೇಷ, ಕೇಳಿದರೆ ನಿಮ್ಮ ಯಂತ್ರ ಮೊದಲು ಕೊಟ್ಟದ್ದು ಅರ್ಧ ಕಥಕಳಿ. ಮೂರು ರಾತ್ರಿ ಹೇಳಿ ಹೇಳಿ ತಿದ್ದಿಸಿದೆ. ಮುಖದ ಮೇಲೆ ಹಿಟ್ಟಿನಿಂದ ಇಡುವ ಚುಟ್ಟಿಯ ಮುಳ್ಳು ಮಾತ್ರ ಅದಕ್ಕೆ ಬರಲೇ ಇಲ್ಲ. ಒಂದೊಂದನ್ನೂ ಕೈಯಲ್ಲೇ ಬಿಡಿಸಿದೆ. ಎಡಗೆನ್ನೆಯ ಒಂದು ಮುಳ್ಳು ಸ್ವಲ್ಪ ವಾಲಿದೆ. ಅದೇ ವಾಲಿದ ಮುಳ್ಳು ಈಗ ನಿಮ್ಮ ಜಾಹೀರಾತಿನಲ್ಲಿದೆ.

ಫೋನಿನಲ್ಲಿ ನಿಮ್ಮ ಹುಡುಗ ಕೇಳಿದ: "ಬಿಡಿಸಿದ್ದು ಯಾರು ಸಾರ್?" ಹೇಳಿ ಮಾಡಿಸಿದ್ದು ನಾನು ಅಂದೆ. "ಹೋಟೆಲಲ್ಲಿ ದೋಸೆ ಹೇಳಿದವರೆಲ್ಲ ಅಡುಗೆ ಭಟ್ರಾಗ್ತಾರಾ ಸಾರ್?" ಸ್ಪೀಕರ್ ಹಾಕಿದ್ದೆ. ಪೋಸ್ಟರ್ ಮಾಡಿಸಲು ಬಂದ ಮೇಳದ ಮ್ಯಾನೇಜರು ಎದುರಿಗೇ ಇದ್ದರು. ಚಹಾ ಲೋಟ ಕೆಳಗಿಟ್ಟು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಅದು ಹೋದ ವರ್ಷದ ಕ್ಯಾಲೆಂಡರ್. ಆಮೇಲೆ ಹನ್ನೊಂದು ನಿಮಿಷ ಸಂಗೀತ. ಮತ್ತೆ ಬಂದವನು, "ಎಐ ಚಿತ್ರಕ್ಕೆ ಯಾರೂ ಮಾಲೀಕರಿಲ್ಲ, ಅಮೆರಿಕದ ಕೋರ್ಟು ಹೇಳಿದೆ" ಅಂದು ಫೋನಿಟ್ಟ.

ದೋಸೆಯ ಮಾತು ಚೆನ್ನಾಗಿತ್ತು, ಒಪ್ಪಿದೆ. ಆದರೆ ದುಡ್ಡು ಕೊಟ್ಟವನ ದೋಸೆಯನ್ನು ಹೋಟೆಲಿನವರೇ ತಿನ್ನುವುದು ಯಾವೂರ ಕ್ರಮ?

ಆ ಅಮೆರಿಕದ ಕೇಸಿನಲ್ಲಿ ಸ್ಟೀಫನ್ ಥಾಲರ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಚಿತ್ರಕ್ಕೆ ಯಂತ್ರವನ್ನೇ ಕರ್ತೃ ಅಂತ ತೋರಿಸಿದ್ದರು. 2025ರ ಮಾರ್ಚಿನಲ್ಲಿ ಮೇಲ್ಮನವಿ ಕೋರ್ಟೂ ಆಗದು ಅಂದಿತು. ನಾನು ಯಂತ್ರದ ಹೆಸರು ಹೇಳಿದ್ದೇನಾ? ಅಷ್ಟಕ್ಕೂ ಕಾಸರಗೋಡು ಅಮೆರಿಕಕ್ಕೆ ಸೇರಿದ್ದು ಯಾವಾಗ? 1956ರಲ್ಲಿ ಕೇರಳಕ್ಕೆ ಸೇರಿಸಿದ್ದೇ ನಮ್ಮಜ್ಜನಿಗೆ ಕೊನೆತನಕ ಅರಗಲಿಲ್ಲ. ಇಲ್ಲಿರುವುದು 1957ರ ಕಾಪಿರೈಟ್ ಕಾಯ್ದೆ. ಕಂಪ್ಯೂಟರಿನಿಂದಾದ ಕೃತಿಗೆ, ಅದು ಆಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಅಂತ ಅದರ ಎರಡನೇ ಸೆಕ್ಷನ್ನಿನಲ್ಲೇ ಇದೆ. ಆ ವ್ಯಕ್ತಿ ಯಂತ್ರಕ್ಕೆ ಹೇಳಿದವನೋ, ಯಂತ್ರ ಕಟ್ಟಿದವನೋ ಅನ್ನುವ ತಕರಾರು ಇದೆ, ಗೊತ್ತು. ನೀವಂತೂ ಷರತ್ತಿನಲ್ಲೇ ನನಗೆ ಬಿಟ್ಟುಕೊಟ್ಟಾಗಿದೆ, ಅಲ್ವಾ? ಇಲ್ಲ, ಯಾರದ್ದೂ ಅಲ್ಲ ಅನ್ನುವುದಾದರೆ ಜಾಹೀರಾತಿನ ಮೂಲೆಯಲ್ಲಿ ನಿಮ್ಮ ಹೆಸರಿನ ಪಕ್ಕ ವೃತ್ತದೊಳಗೆ 'ಸಿ', ಆ ಕಾಪಿರೈಟ್ ಗುರುತು, ಯಾಕೆ ಕೂತಿದೆ? ಸುಮ್ನೆ ಚಂದಕ್ಕಾ?

ಹದಿನೈದು ದಿನ ಕೊಡುತ್ತೇನೆ. ಚಿತ್ರ ತೆಗೆಯದಿದ್ದರೆ ಕಾಸರಗೋಡಿನ ಗ್ರಾಹಕ ಆಯೋಗದಲ್ಲಿ ಸಿಗೋಣ. ನನ್ನ ಪರ ಮಾತಾಡಲು ಭಾವ ಬರುತ್ತಾರೆ. ವಕೀಲರಲ್ಲ, ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಮಾಡುವ ತಾಳಮದ್ದಳೆಯ ಅರ್ಥಧಾರಿ. ಎದುರಿನವರು ಸೋತೆ ಅಂದ ಮೇಲೂ ಅವರು ಗಂಟೆಗಟ್ಟಲೆ ಮಾತಾಡಬಲ್ಲರು.

ಇಂತಿ,
ದೋಸೆ ಹೇಳಿದವನು