ಬೇಸ್ ಕ್ಯಾಂಪ್ ಪ್ಯಾಕೇಜಿನಲ್ಲಿ ಕಾಣೆಯಾದ ಒಂದು ದಿನ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣದ ಬಗ್ಗೆ ಇಡೀ ಪುಟ ಲೇಖನ ಬಂದಿತ್ತು. ಓದಿ ಖುಷಿಯಾಯಿತು. ಯಾವ ಬೂಟು, ಯಾವ ಜಾಕೆಟ್ಟು, ಎಷ್ಟು ಜೊತೆ ಸಾಕ್ಸು, ಎಲ್ಲ ಇತ್ತು. ಯಾವ ರಾತ್ರಿ ಎಲ್ಲಿ ಮಲಗಬೇಕು, ಆ ಊರು ಎಷ್ಟು ಎತ್ತರದಲ್ಲಿದೆ ಅನ್ನೋದು ಮಾತ್ರ ಒಂದು ಸಾಲೂ ಇರಲಿಲ್ಲ. 'ಹತ್ತೇ ದಿನದ ನಡಿಗೆ' ಅಂತ ಇದ್ದದ್ದು ನೋಡಿ ಹೊಟ್ಟೆಯಲ್ಲಿ ತಳಮಳವಾಯಿತು. ಹೋದ ವರ್ಷ ಏಪ್ರಿಲ್‌ನಲ್ಲಿ ನಾವು ಹೋಗಿದ್ದೂ ಹತ್ತೇ ದಿನದ ನಡಿಗೆಗೆ.

ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ. ಮೈಸೂರಿನವರು ನಾವು ಮೂರು, ಮಿಕ್ಕವರೆಲ್ಲ ಬೆಂಗಳೂರು. ಕರೆದುಕೊಂಡು ಹೋದ ಕಂಪನಿಯ ಹೆಸರು ಬೇಡ ಬಿಡಿ, ಹಾಗೆ ಮಾಡುವವರು ಅವರೊಬ್ಬರೇ ಅಲ್ಲ.

ಲುಕ್ಲಾದಲ್ಲಿ ವಿಮಾನ ಇಳಿದಾಗಲೇ ನಾವು 2,860 ಮೀಟರ್ ಎತ್ತರದಲ್ಲಿರುತ್ತೇವೆ. ನಮ್ಮ ಮುಳ್ಳಯ್ಯನಗಿರಿ 1,930. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗವೇ ಇಲ್ಲ, ಇಲ್ಲಿ ನಡಿಗೆ ಶುರುವಾಗೋದೇ ಅದಕ್ಕಿಂತ 900 ಮೀಟರ್‌ಗೂ ಜಾಸ್ತಿ ಮೇಲಿಂದ. ಮೊದಲ ರಾತ್ರಿ ಫಾಕ್ಡಿಂಗ್, ಅಲ್ಲಿ ಸ್ವಲ್ಪ ಕೆಳಗೇ ಇಳಿದಿರುತ್ತೇವೆ. ಎರಡನೇ ರಾತ್ರಿ ನಾಮ್ಚೆ ಬಜಾರ್, 3,440. ಅಲ್ಲೊಂದು ದಿನ ನಿಲ್ಲುತ್ತಾರೆ. ಆಮೇಲೆ ತೆಂಗ್‌ಬೋಚೆ 3,860, ಡಿಂಗ್‌ಬೋಚೆ 4,410. ಡಿಂಗ್‌ಬೋಚೆಯಲ್ಲಿ ಇನ್ನೊಂದು ದಿನ ನಿಲ್ಲಬೇಕು. ನಮ್ಮ ಪ್ಯಾಕೇಜಿನಲ್ಲಿ ಆ ದಿನವೇ ಇರಲಿಲ್ಲ. ಮಾರನೇ ಬೆಳಿಗ್ಗೆಯೇ ಲೋಬುಚೆಗೆ ಹೊರಡಿಸಿದರು, ಅದು 4,940. ಲೆಕ್ಕ ಹಾಕಿ ನೋಡಿ. ಒಂದರ ಹಿಂದೆ ಒಂದು ಮೂರು ದಿನ ಹತ್ತಿ, ಮಲಗುವ ಜಾಗ 1,500 ಮೀಟರ್ ಮೇಲಕ್ಕೆ ಹೋಗಿತ್ತು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಅಂತ ವೈದ್ಯರು ಹೇಳೋದು ಸುಮ್ನೆ ಅಲ್ಲ. ಅಲ್ಲಿ ಮೇಲೆ ಪ್ರತಿ ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರ ಮಟ್ಟದಲ್ಲಿ ಸಿಗೋದರ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಅದಕ್ಕೆ ಒಗ್ಗಿಕೊಳ್ಳೋಕೆ ಮೈಗೆ ಬೇಕಾಗಿರೋದು ಟೈಮು, ಗಟ್ಟಿತನ ಅಲ್ಲ.

ಗಟ್ಟಿತನ ಅಂದೆ ನೋಡಿ, ನನ್ನ ಭಾವಮೈದನಿಗೆ ನಲವತ್ತಾರು ವರ್ಷ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಾನೆ. ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಅವನೇ. ಡಿಂಗ್‌ಬೋಚೆಯಲ್ಲಿ ರಾತ್ರಿ ತಲೆನೋವು ಅಂದ. ಗೈಡ್‌ಗೆ ಹೇಳೋಣ ಅಂದರೆ, "ಭಾವ, ಸುಮ್ನಿರಿ, ಹೇಳಿದರೆ ನನ್ನನ್ನು ಇಲ್ಲೇ ಬಿಟ್ಟು ಹೋಗ್ತಾರೆ" ಅಂದ. ಬ್ಯಾಗಿನಲ್ಲಿ ಹಳದಿ ಕೆಂಪು ಬಾವುಟ ಮಡಿಸಿ ಇಟ್ಟುಕೊಂಡಿದ್ದ, ಬೇಸ್ ಕ್ಯಾಂಪಿನಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು ಅಂತ. ನಾನೂ ಸುಮ್ಮನಾದೆ. ಬೆಂಗಳೂರಿನಿಂದ ಬಂದಿದ್ದ ಟ್ರೆಕ್ ಲೀಡರ್ ಕಿವಿಗೆ ಹೇಗೋ ಬಿತ್ತು. ಅವರು ಹೇಳಿದ್ದು ಇಷ್ಟೇ, "ನೀರು ಜಾಸ್ತಿ ಕುಡೀರಿ ಸಾರ್, ಸರಿಹೋಗುತ್ತೆ."

ಮಾರನೇ ದಿನ ಲೋಬುಚೆಯಲ್ಲಿ ಊಟ ಮುಟ್ಟಲಿಲ್ಲ. ಎರಡು ಸಲ ವಾಂತಿ ಆಯಿತು. ನಾವೆಲ್ಲ ಊಟದ ಹಾಲ್‌ನಲ್ಲಿ ಒಲೆ ಸುತ್ತ ಕೂತಿದ್ದೆವು. ಅಲ್ಲಿ ಸೌದೆ ಇಲ್ಲ, ಯಾಕ್ ಸಗಣಿಯ ಬೆರಣಿ ಉರಿಸುತ್ತಾರೆ, ಅಜ್ಜಿ ಮನೆಯ ಬಚ್ಚಲೊಲೆಯದೇ ವಾಸನೆ. ಇವನು ಶೌಚಾಲಯಕ್ಕೆ ಅಂತ ಎದ್ದವನು ಗೋಡೆ ಹಿಡಿದುಕೊಂಡೇ ಹೋಗುತ್ತಿದ್ದ. ನೇಪಾಳಿ ಗೈಡ್, ಇಪ್ಪತ್ತೈದು ದಾಟಿರದ ಹುಡುಗ, ಅದನ್ನು ನೋಡಿದವನೇ ಟೀ ಲೋಟ ಕೆಳಗಿಟ್ಟು ಎದ್ದು ಬಂದ. ನೆಲದ ಹಲಗೆಯ ಗೆರೆ ತೋರಿಸಿ, ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗಿಸಿಕೊಂಡು ನಡೀರಿ ದಾಯ್ (ಅಣ್ಣ) ಅಂದ. ಇವನು ಮೂರನೇ ಹೆಜ್ಜೆಗೇ ಬೆಂಚಿನ ಮೇಲೆ ಬಿದ್ದ. ಕುಡಿದವನ ಹಾಗೆ ನಗುತ್ತಿದ್ದ ಬೇರೆ. ಮಿದುಳಿಗೆ ನೀರು ತುಂಬಿಕೊಳ್ಳೋಕೆ ಶುರುವಾಗಿದೆ, ಈಗಲೇ ಇಳಿಸಬೇಕು, ಬೆಳಗಾಗುವವರೆಗೆ ಕಾಯಂಗಿಲ್ಲ ಅಂದ ಆ ಹುಡುಗ. ಹೊತ್ತಾಗಲೇ ಒಂಬತ್ತೂವರೆ. ರಾತ್ರಿಯಲ್ಲಿ ಹೆಲಿಕಾಪ್ಟರ್ ಬರೋದಿಲ್ಲ.

ಹೊತ್ತುಕೊಂಡು ಇಳಿದವನು ನಮ್ಮ ಪೋರ್ಟರ್. ಈ ಪೋರ್ಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಇವರನ್ನೆಲ್ಲ ಶೆರ್ಪಾ ಅಂತ ಕರೆದುಬಿಡುತ್ತೇವೆ. ಅದು ಒಂದು ಸಮುದಾಯದ ಹೆಸರು. ಪೋರ್ಟರ್‌ಗಳಲ್ಲಿ ಬಹಳ ಜನ ಕೆಳಗಿನ ಬೆಟ್ಟಗಳ ರಾಯಿ, ತಮಾಂಗ್ ಹುಡುಗರು, ಎತ್ತರ ಅವರನ್ನೂ ಕಾಡುತ್ತದೆ. ಒಬ್ಬರ ಮೇಲೆ 30 ಕೆ.ಜಿ.ಗಿಂತ ಜಾಸ್ತಿ ಹೊರಿಸಬಾರದು ಅಂತ ರೂಢಿ. ನಮ್ಮಿಬ್ಬರ ಬ್ಯಾಗೂ ಅವನ ಮೇಲೇ ಇತ್ತು. ಅದರೊಳಗೆ ನನ್ನ ಹೆಂಡತಿ ತುಂಬಿಸಿದ್ದ ಕೋಡುಬಳೆ, ಚಟ್ನಿಪುಡಿ, ಗೊಜ್ಜವಲಕ್ಕಿ ಎಲ್ಲ ಇತ್ತು. ಲುಕ್ಲಾದಲ್ಲಿ ತೂಕ ಹಾಕದೆ ಕೊಟ್ಟಿದ್ದೆವು. ಆ ಹುಡುಗ ಹಗ್ಗದ ಪಟ್ಟಿಯನ್ನು ಹಣೆಗೆ ಹಾಕಿ, ಇವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಥುಕ್ಲಾ ಹತ್ತಿರ ಎವರೆಸ್ಟ್ ಹತ್ತಲು ಹೋಗಿ ತೀರಿಕೊಂಡವರ ನೆನಪಿನ ಕಲ್ಲಿನ ಗೋಪುರಗಳಿವೆ. ಹಗಲು ಹತ್ತುವಾಗ ಎಲ್ಲರೂ ಅಲ್ಲಿ ಫೋಟೋ ತೆಗೆದುಕೊಂಡಿದ್ದೆವು. ರಾತ್ರಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಅವುಗಳ ಮಧ್ಯೆ ನಡೆಯುವಾಗ ನಾನು ತಲೆ ಎತ್ತಲಿಲ್ಲ.

ಇಳಿದು ತಲುಪಿದ್ದು ಫೆರಿಚೆ ಅನ್ನೋ ಊರಿಗೆ. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಚಿಕ್ಕ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದ ಸಂಸ್ಥೆ, ಚಾರಣದ ಸೀಸನ್‌ನಲ್ಲಿ ಡಾಕ್ಟರ್ ಇರುತ್ತಾರೆ. ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ಹೊತ್ತಿಗೆ ಮನುಷ್ಯ ಎದ್ದು ಕೂತು ಕಾಫಿ ಸಿಗುತ್ತಾ ಅಂದ. ಐನೂರು ಮೀಟರ್‌ಗೂ ಜಾಸ್ತಿ ಇಳಿದದ್ದೇ ಅರ್ಧ ಔಷಧಿ ಅಂದರು ಡಾಕ್ಟರ್. ಎತ್ತರದ ಕಾಯಿಲೆ ಬಗ್ಗೆ ಅಲ್ಲಿ ದಿನಾ ಮಧ್ಯಾಹ್ನ ಪಾಠ ಮಾಡುತ್ತಾರಂತೆ, ಯಾರು ಬೇಕಾದರೂ ಹೋಗಿ ಕೂರಬಹುದು. ಡಿಂಗ್‌ಬೋಚೆಯಲ್ಲಿ ಒಂದು ದಿನ ನಿಂತವರು ಪಕ್ಕದ ಕಣಿವೆಗೆ ಇಳಿದು ಇದನ್ನು ಕೇಳಿ ಬರುತ್ತಾರೆ. ನಮಗೆ ಆ ದಿನವೇ ಇರಲಿಲ್ಲವಲ್ಲ.

ಇನ್ಶೂರೆನ್ಸ್ ಕಥೆ ಇನ್ನೊಂದು. ಪ್ಯಾಕೇಜಿನ ಜೊತೆ ಕೊಟ್ಟಿದ್ದ ಪಾಲಿಸಿಯಲ್ಲಿ 4,000 ಮೀಟರ್ ಮೇಲೆ ಅನ್ವಯವಿಲ್ಲ ಅಂತ ಸಣ್ಣ ಅಕ್ಷರದಲ್ಲಿತ್ತು. ಬೇಸ್ ಕ್ಯಾಂಪ್ ಇರೋದು 5,364ರಲ್ಲಿ! ಇದಕ್ಕೆ ಉಲ್ಟಾ ಮೋಸವೂ ಇದೆ. ಸಣ್ಣ ತಲೆನೋವಿಗೂ ಹೆದರಿಸಿ ಹೆಲಿಕಾಪ್ಟರ್ ಹತ್ತಿಸಿ ಇನ್ಶೂರೆನ್ಸ್ ದುಡ್ಡು ಹೊಡೆಯುವ ದಂಧೆ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು. ಹಾಗಾಗಿ ಲಕ್ಷಣಗಳು ನಮಗೇ ಗೊತ್ತಿರಬೇಕು. ತಲೆನೋವು ಬಂದರೆ ಮೇಲೆ ಹತ್ತಬಾರದು. ನಡಿಗೆ ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ತಕ್ಷಣ ಇಳಿಯಬೇಕು.

ತಪ್ಪು ಬರೀ ಕಂಪನಿಯದು ಅನ್ನಲಾರೆ. ಊರಿಗೆ ಬಂದ ಮೇಲೆ ಕೇಳಿದಾಗ ಅವರು ಹೇಳಿದ್ದೂ ನಿಜವೇ. ಹನ್ನೊಂದು ದಿನದ ನಡಿಗೆ ಇಟ್ಟರೆ, ಲುಕ್ಲಾದಲ್ಲಿ ಮೋಡ ಕವಿದು ವಿಮಾನ ನಿಂತರೆ ಅಂತ ಎರಡು ದಿನ ಬಿಟ್ಟರೆ, ರಜೆ ಸಾಲಲ್ಲ ಅಂತ ಜನ ಪಕ್ಕದ ಕಂಪನಿಗೆ ಹೋಗುತ್ತಾರಂತೆ. ಎರಡು ವೀಕೆಂಡ್‌ಗೆ ಹೊಂದಿಸಿ ಕೊಡಿ ಅಂತ ಕೇಳುವವರು ನಾವೇ. ನಾನೂ ಕೇಳಿದ್ದೆ, ಬ್ಯಾಂಕಿನಲ್ಲಿ ರಜೆ ಮಿಕ್ಕಿರಲಿಲ್ಲ ಅಂತ. ಆದರೆ ಗಿರಾಕಿ ಕೇಳಿದ ಅಂತ ಡಾಕ್ಟರ್ ಡೋಸ್ ಬದಲಾಯಿಸುತ್ತಾರಾ?

ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟು. ಮುಂದಿನ ಸಲ ಇಂಥ ಲೇಖನ ಹಾಕುವಾಗ ಬೂಟಿನ ಫೋಟೋ ಒಂದು ಕಡಿಮೆ ಮಾಡಿ, ಆ ಜಾಗದಲ್ಲಿ ಪ್ರತಿ ರಾತ್ರಿ ತಂಗುವ ಊರು, ಅದರ ಎತ್ತರ, ನಡುವೆ ನಿಲ್ಲುವ ದಿನ ಎಷ್ಟು ಅಂತ ಒಂದು ಪುಟ್ಟ ಪಟ್ಟಿ ಹಾಕಿ. ಅಕ್ಟೋಬರ್ ಸೀಸನ್‌ಗೆ ಈಗಾಗಲೇ ಬುಕಿಂಗ್ ನಡೆದಿದೆ. ನನ್ನ ಭಾವಮೈದನೂ ಮತ್ತೆ ಹೋಗುತ್ತಾನಂತೆ, ಬಾವುಟ ಇನ್ನೂ ಅದೇ ಬ್ಯಾಗಿನಲ್ಲಿದೆ. ಮೊನ್ನೆ ಮೂರು ಕಂಪನಿಗಳ ವೇಳಾಪಟ್ಟಿ ತಂದು ಟೇಬಲ್ ಮೇಲೆ ಹರಡಿದ. ಎರಡರಲ್ಲಿ ಡಿಂಗ್‌ಬೋಚೆಯಲ್ಲಿ ಒಂದೇ ರಾತ್ರಿ ಇತ್ತು. ಅವೆರಡನ್ನೂ ನನ್ನ ತಂಗಿ ಅವನ ಎದುರಿಗೇ ಹರಿದು ಹಾಕಿದಳು.

ನಿಮ್ಮ ಓದುಗ,
ಸರಸ್ವತಿಪುರಂ, ಮೈಸೂರು